ಗಾಜಿನೆಳೆಗೂ ಮುಪ್ಪು

ಕೇರಳ ಸರಕಾರದ ಕೆಫೋನ್ ಯೋಜನೆ 2023ರ ಜೂನ್ 5ರಂದು ಉದ್ಘಾಟನೆಗೊಂಡಿತು. ಇಪ್ಪತ್ತು ಲಕ್ಷ ಬಡ ಕುಟುಂಬಗಳಿಗೆ ಉಚಿತ ಅಂತರ್ಜಾಲ ಎಂಬುದು ಅದರ ಘೋಷಿತ ಗುರಿ. ಅದಕ್ಕಾಗಿ ಹೊಸ ಕಂದಕ ತೋಡುವ ಬದಲು ವಿದ್ಯುತ್ ಮಂಡಳಿಯ ಕಂಬ, ಗೋಪುರಗಳನ್ನೇ ಬಳಸಿಕೊಂಡದ್ದು ಜಾಣತನವೇ ಸರಿ. ಆದರೆ ಅಧಿಕ ವೋಲ್ಟೇಜಿನ ತಂತಿಗಳ ಮಗ್ಗುಲಲ್ಲಿ ತೂಗುವ ಗಾಜಿನೆಳೆಯ ಕೇಬಲಿಗೆ ಒಂದು ವಿಶಿಷ್ಟ ಕಾಯಿಲೆಯುಂಟು. ಸಾರ್ವಜನಿಕರಿಗೆ ಅದರ ಪರಿಚಯ ಕಡಿಮೆ.

ಗಾಜಿನಲ್ಲಾಗಲಿ ಪ್ಲಾಸ್ಟಿಕ್ಕಿನಲ್ಲಾಗಲಿ ವಿದ್ಯುತ್ತು ಹರಿಯದೆಂದು ಶಾಲೆಗಳಲ್ಲಿ ಕಲಿಸುತ್ತೇವೆ. ಆ ಪಾಠ ಒಣಗಿದ, ಶುಭ್ರವಾದ ವಸ್ತುವಿಗೆ ಸಂಬಂಧಿಸಿದ್ದು. ಕಡಲ ಉಪ್ಪು, ರಸ್ತೆಯ ಧೂಳು ಹೊದಿಕೆಯ ಮೇಲೆ ಕುಳಿತು, ಅದರ ಮೇಲೆ ಮಂಜೋ ಹನಿಮಳೆಯೋ ಬಿದ್ದಾಗ ಕೇಬಲಿನ ಮೈಯೇ ಒಂದು ತೆಳುವಾದ ವಾಹಕವಾಗುತ್ತದೆ. ಪಕ್ಕದ ತಂತಿಗಳ ವಿದ್ಯುತ್‌ಕ್ಷೇತ್ರದಿಂದ ಪ್ರೇರಿತವಾದ ಅಲ್ಪ ಪ್ರವಾಹ ಅದರ ಮೂಲಕ ಗೋಪುರದ ಲೋಹದ ಹಿಡಿಕೆಯತ್ತ ಹರಿಯುತ್ತದೆ. ಹಿಡಿಕೆಯ ಬಳಿ ಶಾಖ ಹೆಚ್ಚಿ ಒಂದು ಪಟ್ಟಿಯಷ್ಟು ಜಾಗ ಒಣಗುತ್ತದೆ. ಆ ಒಣಪಟ್ಟಿಯನ್ನು ದಾಟಲು ಕಿಡಿ ಹಾರುತ್ತದೆ. ಪ್ರವಾಹ ಕೆಲವೇ ಮಿಲಿಯಾಂಪಿಯರ್ ಆದರೂ ಕಿಡಿಯ ಬಿಸಿ ಪಾಲಿಥೀನನ್ನು ಸುಡಬಲ್ಲುದು. ವರ್ಷಗಳ ಕಾಲ ಹೀಗೇ ಸವೆದು ಹೊದಿಕೆ ತೂತಾದರೆ, ಭಾರ ಹೊರುವ ಅರಮಿಡ್ ನೂಲು ಬಯಲಾಗಿ ಒಂದು ದಿನ ಕೇಬಲೇ ತುಂಡಾಗುತ್ತದೆ. ಬ್ರಿಟನ್ನಿನಲ್ಲಿ ಕಾರ್ಟರ್ ಮತ್ತು ವಾಲ್ಡ್ರನ್ ಎಂಬವರು 1992ರಲ್ಲೇ ಈ ಕಿಡಿಯ ಗಣಿತವನ್ನು ಪ್ರಕಟಿಸಿದ್ದರು. ವಿದ್ಯೆ ಹೊಸದೇನಲ್ಲ.

ಎಲ್ಲ ಕೇಬಲುಗಳಿಗೂ ಈ ಭಯವಿಲ್ಲ. ಗೋಪುರದ ತುದಿಯ ಭೂತಂತಿಯೊಳಗೆ ಹುದುಗಿಸಿದ ಗಾಜಿನೆಳೆಗೆ ಲೋಹದ ಕವಚವೇ ರಕ್ಷೆ. ಅದಕ್ಕೆ ಶತ್ರು ಸಿಡಿಲು. 11 ಕಿಲೋವೋಲ್ಟಿನ ಊರ ಕಂಬಗಳಲ್ಲೂ ಅಪಾಯ ಅತ್ಯಲ್ಪ. ಚಿಂತೆಯಿರುವುದು 110, 220 ಕಿಲೋವೋಲ್ಟಿನ ಗೋಪುರಗಳಲ್ಲಿ ಲೋಹವಿಲ್ಲದ ಕೇಬಲನ್ನು ಕಟ್ಟಿದರೆ. ಕೇಬಲ್ ತೂಗುವ ಜಾಗದ ವಿಭವ 12 ಕಿಲೋವೋಲ್ಟನ್ನು ಮೀರಿದರೆ ಸಾಮಾನ್ಯ ಹೊದಿಕೆ ಸಲ್ಲದು, ಕಿಡಿಯನ್ನು ತಾಳುವ ವಿಶೇಷ ಹೊದಿಕೆ ಬೇಕು ಎನ್ನುತ್ತದೆ ಅಮೆರಿಕದ ಐಇಇಇ 1222 ಮಾನದಂಡ. ಇದು ತಂತಿಯ ವೋಲ್ಟೇಜಲ್ಲ, ಕೇಬಲ್ ಇರುವ ಬಿಂದುವಿನದು. ಆದುದರಿಂದ ಗೋಪುರದಲ್ಲಿ ಎಲ್ಲಿ ಕಟ್ಟಿದರೆಂಬುದೇ ಅದರ ಆಯುಸ್ಸನ್ನು ನಿರ್ಣಯಿಸುತ್ತದೆ.

ನಮ್ಮದು ಕಡಲ ತಡಿಯ ಜಿಲ್ಲೆ. ಆಟಿಯ ಜಡಿಮಳೆ ಕೇಬಲನ್ನು ತೊಳೆದು ಉಪಕಾರವನ್ನೇ ಮಾಡುತ್ತದೆ. ತಿಂಗಳುಗಟ್ಟಲೆ ಉಪ್ಪು ಕುಡಿದ ಹೊದಿಕೆಯ ಮೇಲೆ ಬೇಸಗೆಯ ಕೊನೆಗೆ ಬೀಳುವ ನಾಲ್ಕು ಹನಿಯೇ ಕೆಟ್ಟದ್ದು. ಮೈಲಾಟಿಯ 220 ಕಿಲೋವೋಲ್ಟ್ ಉಪಕೇಂದ್ರಕ್ಕೆ ಬರುವ ಮಾರ್ಗಗಳೂ ಸೇರಿದಂತೆ, ಯಾವ ಗೋಪುರದಲ್ಲಿ ಯಾವ ಜಾತಿಯ ಕೇಬಲ್ ಇದೆ, ಹಿಡಿಕೆಗಳ ಬಳಿ ಕೊನೆಯ ಬಾರಿ ಪರೀಕ್ಷಿಸಿದ್ದು ಯಾವಾಗ ಎಂಬುದನ್ನು ಸಂಬಂಧಪಟ್ಟವರು ಪ್ರಕಟಿಸಬೇಕು. ಪಡಿತರ ಅಂಗಡಿಯ ಯಂತ್ರದಿಂದ ಮಕ್ಕಳ ವಿದ್ಯಾರ್ಥಿವೇತನದ ಅರ್ಜಿಯ ತನಕ ಅಂತರ್ಜಾಲವನ್ನೇ ನೆಚ್ಚಿರುವಾಗ, ಕೇಬಲ್ ಕಡಿದ ಮೇಲೆ ದುರಸ್ತಿಗೆ ಓಡುವುದು ಆಡಳಿತವೆನಿಸದು.

ಇನ್ನೊಂದು ಮಾತು. ಗಾಜಿನ ಕೇಬಲಲ್ಲಿ ಕರೆಂಟಿಲ್ಲವೆಂದು ನಂಬಿ ತೋಟದಲ್ಲಿ ಜೋತುಬಿದ್ದುದನ್ನು ಎಳೆದು ಬದಿಗಿಡುವವರಿದ್ದಾರೆ. ಅದು ಮೇಲೆ ಬಿಸಿತಂತಿಗೆ ತಾಗಿರಬಹುದು, ಮೈ ಒದ್ದೆಯಾಗಿರಬಹುದು. ಮುಟ್ಟದೆ ಮಂಡಳಿಯ ಕಚೇರಿಗೆ ತಿಳಿಸುವುದೊಂದೇ ದಾರಿ. ಕೇರಳದ 1969ರ ಆಡಳಿತ ಭಾಷಾ ಕಾಯಿದೆ ಕನ್ನಡ ಅಲ್ಪಸಂಖ್ಯಾತರ ಭಾಷೆಗೆ ಸ್ಥಾನ ಕೊಟ್ಟಿದೆ. ಕಾಸರಗೋಡು, ಮಂಜೇಶ್ವರ ತಾಲೂಕುಗಳಲ್ಲಿ ಈ ಎಚ್ಚರಿಕೆಯ ಫಲಕವನ್ನು ಮಲಯಾಳದ ಜತೆಗೆ ಕನ್ನಡದಲ್ಲೂ, ಮುಂದಿನ ಮಳೆಗಾಲಕ್ಕೆ ಮುಂಚಿತವಾಗಿ, ಮಂಡಳಿ ಹಾಕಿಸಬೇಕು.