ಆಳ ಸಮುದ್ರಕ್ಕೆ ಯಾವ ರಾಡು?

ಬೇ ಏರಿಯಾಕ್ಕೆ ಬಂದ ನಮ್ಮ ಕರಾವಳಿಯವರಿಗೆ ಒಂದೆರಡು ವರ್ಷದಲ್ಲಿ ಮೀನಿನ ಹುಚ್ಚು ಮತ್ತೆ ಹತ್ತಿಕೊಳ್ಳುತ್ತೆ. ಎಮರಿವಿಲ್‌ನಿಂದಲೋ, ಹಾಫ್ ಮೂನ್ ಬೇ ಪಕ್ಕದ ಪಿಲ್ಲರ್ ಪಾಯಿಂಟ್‌ನಿಂದಲೋ ಬೆಳ್ಳಂಬೆಳಿಗ್ಗೆ ಹೊರಡೋ ಬೋಟಿನಲ್ಲಿ ಸೀಟು ಹಿಡಿಯುತ್ತಾರೆ. ಹಿಂದಿನ ಸಂಜೆ ಅಂಗಡಿಗೆ ಹೋಗಿ ಎಲ್ಲಕ್ಕಿಂತ ಉದ್ದದ, ಎಲ್ಲಕ್ಕಿಂತ ದಪ್ಪದ ಸ್ಪಿನ್ನಿಂಗ್ ರಾಡ್ ತರುತ್ತಾರೆ. ಸಮುದ್ರ ಆಳ, ಹಾಗಾಗಿ ರಾಡೂ ದೊಡ್ಡದಿರಲಿ ಅನ್ನೋ ಲೆಕ್ಕ. ಈ ಲೆಕ್ಕವೇ ತಪ್ಪು ಮಾರಾಯ್ರೇ.

ಉದ್ದದ ರಾಡು ಇರೋದು ದಡದಲ್ಲಿ ನಿಂತು ದೂರಕ್ಕೆ ಎಸೆಯೋಕೆ. ಬೋಟಿನಲ್ಲಿ ಗಾಳವನ್ನು ನೇರ ಕೆಳಗೆ ಬಿಡೋದು. 10 ಅಡಿಯ ಕೋಲು ಹಿಡಿದರೆ ಸನ್ನೆಗೋಲಿನ ಲಾಭವೆಲ್ಲ ಮೀನಿಗೆ, ನೋವೆಲ್ಲ ನಿಮ್ಮ ಸೊಂಟಕ್ಕೆ. 7 ಅಡಿ ಸಾಕು. ರಾಡಿನ ಬುಡದಲ್ಲಿ ಅದು ತಡೆಯುವ ದಾರದ ಬಲ, ಎಷ್ಟೋ ಸಲ ಕಟ್ಟಬಹುದಾದ ಆಮಿಷದ ತೂಕವೂ ಬರೆದಿರುತ್ತೆ, ಕಂಪನಿ ಹೆಸರಿಗಿಂತ ಮೊದಲು ಅದನ್ನು ಓದಿ. ಬರೀ ಗ್ರಾಫೈಟಿನದು ಹಗುರ, ಸೂಕ್ಷ್ಮ, ನಿಜ. ಆದರೆ ಭಾರದ ಮೀನು ಸಿಕ್ಕಾಗ ತುದಿಯನ್ನು ಆಕಾಶಕ್ಕೆ ಎತ್ತಿದಿರೋ, ಲಟಕ್! ಫೈಬರ್‌ಗ್ಲಾಸ್ ಬೆರೆತದ್ದು ಹೊಸಬರ ಕೈಗೆ ವಾಸಿ. ದಾರ ಮಾತ್ರ ಹೆಣೆದದ್ದೇ ಇರಲಿ. ನೈಲಾನ್ ಹಿಗ್ಗುತ್ತೆ, 200 ಅಡಿ ಕೆಳಗೆ ಮೀನು ಮುಟ್ಟಿದ್ದು ಬೆರಳಿಗೆ ಗೊತ್ತಾಗಲ್ಲ. ಊರಲ್ಲಿ ಕೋಲೇ ಇಲ್ಲದೆ ಕೈದಾರದಲ್ಲಿ ಗಾಳ ಹಾಕಿದವರಿಗೆ ಇದನ್ನು ನಾನು ಹೇಳಿಕೊಡಬೇಕೇ?

ಇನ್ನೂ ಒಂದು ಮಾತು, ಅಂಗಡಿಯವನು ಹೇಳಲಿಕ್ಕಿಲ್ಲ. ಒಳಕೊಲ್ಲಿಯ ಹ್ಯಾಲಿಬಟ್‌ಗೆ, ಸ್ಟ್ರೈಪ್ಡ್ ಬಾಸ್‌ಗೆ ಸ್ಪಿನ್ನಿಂಗ್ ಚೆನ್ನ. ಹೊರಗೆ ಬಂಡೆಗಳ ಮೇಲಿನ ರಾಕ್‌ಫಿಶ್‌ಗೆ ಅಲ್ಲ. ಹತ್ತಿರ ಹತ್ತಿರ ಒಂದು ಪೌಂಡ್ ಸೀಸ ಕಟ್ಟಿ ಇಳಿಸಿ, ದಿನವಿಡೀ ಮೇಲೆಳೆಯೋ ಕೆಲಸಕ್ಕೆ ರಾಟೆಯ ಹಾಗೆ ಸುತ್ತುವ, ರಾಡಿನ ಮೇಲೆ ಕೂರುವ ರೀಲೇ ಸರಿ. ಮೊದಲ ಸಲ ಬೋಟಿನವರ ಹತ್ತಿರವೇ ಬಾಡಿಗೆಗೆ ತಗೊಳ್ಳಿ.

ಉಳಿದ ದುಡ್ಡಿನ ಒಂದು ಪಾಲು ಬೇರೆ ಕಡೆ ಹೋಗಬೇಕು ಅನ್ನೋದು ನನ್ನ ವಾದ. ಆಳದಿಂದ ಎಳೆದಾಗ ರಾಕ್‌ಫಿಶ್‌ನ ಗಾಳಿಚೀಲ ಉಬ್ಬಿ ಕಣ್ಣು ಹೊರಬರುತ್ತೆ, ನೀರಿಗೆ ಬಿಟ್ಟರೂ ಮುಳುಗಲಾರದೆ ತೇಲುತ್ತೆ. ಹಕ್ಕಿಗಳಿಗೆ ಊಟ. ಎಲ್ಲೋಐ ಅನ್ನೋ ಕಿತ್ತಳೆ ಬಣ್ಣದ ಜಾತಿಯನ್ನು ಕ್ಯಾಲಿಫೋರ್ನಿಯಾದಲ್ಲಿ ಇಟ್ಟುಕೊಳ್ಳುವ ಹಾಗಿಲ್ಲ. ಅದು ನೂರು ವರ್ಷ ದಾಟಿ ಬದುಕಬಲ್ಲ ಮೀನು, ನಿಮ್ಮ ಅಜ್ಜಿಗಿಂತ ಹಿರಿಯದೂ ಗಾಳಕ್ಕೆ ಬೀಳಬಹುದು. ಅತಿಯಾಗಿ ಹಿಡಿದು ಬರಿದಾಗಿದ್ದ ಇದರ ಬಂಧುಗಳು, ಕೆನರಿ ಮತ್ತು ಬೊಕಾಚಿಯೋ, ಕಟ್ಟುನಿಟ್ಟಿನ ನಿರ್ಬಂಧಗಳ ನಂತರವೇ ಚೇತರಿಸಿಕೊಂಡದ್ದು, 2015 ಮತ್ತು 2017ರ ಹೊತ್ತಿಗೆ. ಹಾಗಾಗಿ ‘ಹಿಡಿದೆ, ಬಿಟ್ಟೆ, ಪುಣ್ಯ ಬಂತು’ ಅನ್ನೋ ಮಾತು ಇಲ್ಲಿ ನಡೆಯಲ್ಲ. ಮೀನಿನ ದವಡೆಗೆ ಸಿಕ್ಕಿಸಿ ತೂಕ ಕಟ್ಟಿ ಮತ್ತೆ ಆಳಕ್ಕೆ ಇಳಿಸುವ ಒಂದು ಸಾಧನ ಸಿಗುತ್ತೆ, ಒಳ್ಳೆ ರಾಡಿಗಿಂತ ಎಷ್ಟೋ ಅಗ್ಗ. ಒತ್ತಡ ಮರಳಿದ ಹಾಗೆ ಚೀಲ ಕುಗ್ಗಿ ಮೀನು ಈಜಿಕೊಂಡು ಹೋಗುತ್ತೆ. ಬೋಟಿನಲ್ಲಿ ಅದು ಇದೆಯಾ, ಬಳಸ್ತಾರಾ ಅಂತ ಸೀಟು ಕಾದಿರಿಸುವಾಗಲೇ ಕೇಳಿ. ರಾಡಿನ ಮಾತು ಆಮೇಲೆ ಆಡೋಣ.