ಮೈ ಸೋತರೆ ಭಕ್ತಿ ಸೋತಂತಲ್ಲ

ಗುಡಗೇರಿಯ ಎರಿ ಹೊಲಕ್ಕೆ ಮಳೆ ಕೈಕೊಟ್ಟು, ಸಾಲದ ಚಿಂತೆ ತಿಂಗಳುಗಟ್ಟಲೆ ಕಾಡಿದರೆ ನಿದ್ದೆ ಹಾರುತ್ತದೆ, ಎದೆ ಬಡಿದುಕೊಳ್ಳುತ್ತದೆ, ರೊಟ್ಟಿ ರುಚಿಸುವುದಿಲ್ಲ. ಆಗ ‘ಲಿಂಗಪೂಜೆಯಲ್ಲೂ ಮನಸ್ಸು ನಿಲ್ಲದು, ನನ್ನ ನಿಷ್ಠೆಯೇ ಕಡಿಮೆ’ ಎಂದು ತಮ್ಮನ್ನೇ ಹಳಿದುಕೊಳ್ಳುವವರಿದ್ದಾರೆ. ಇದನ್ನು ನಾನು ಒಪ್ಪುವುದಿಲ್ಲ.

ಅಪಾಯ ಎದುರಾದಾಗ ದೇಹ ಅಡ್ರಿನಲಿನ್, ಕಾರ್ಟಿಸಾಲ್ ಎಂಬ ಹಾರ್ಮೋನುಗಳನ್ನು ಹರಿಸಿ ನಮ್ಮನ್ನು ಕಾಯುತ್ತದೆ. ಚಿಂತೆ ಮುಗಿಯದಿದ್ದರೆ ಆ ಕಾವಲೂ ಮುಗಿಯದು. ರಕ್ತದೊತ್ತಡ ಏರುತ್ತದೆ, ಜೀರ್ಣಶಕ್ತಿ ಕೆಡುತ್ತದೆ. ಇದು ಪೂರ್ವಜನ್ಮದ ಕರ್ಮವಲ್ಲ, ದೇಹದ ಧರ್ಮ.

ಬಸವಣ್ಣನವರು ದೇಹವನ್ನೇ ಗುಡಿಯಾಗಿ ಕಂಡರು. ಮಾಳಿಗೆ ಸೋರಿದರೆ ಯಾರೂ ಗುಡಿಯನ್ನು ಬೈಯುವುದಿಲ್ಲ, ಮೇಲೆ ಮಣ್ಣು ಹಾಕುತ್ತಾರೆ. ಹಾಗೆಯೇ ವೈದ್ಯರಿಗೆ ತೋರಿಸಲು, ಧಾರವಾಡದ ಡಿಮ್ಹಾನ್ಸ್‌ಗೆ ಹೋಗಲು, ಟೆಲಿ ಮಾನಸ್‌ನ 14416ಕ್ಕೆ ಕರೆ ಮಾಡಲು ನಾಚಿಕೆ ಬೇಡ. ಮಠಗಳ ಶಿವಾನುಭವ ಗೋಷ್ಠಿಗಳಲ್ಲೂ ಈ ಮಾತು ನಡೆಯಲಿ.