ಎರೆಯ ದಾರಿಗೆ ಎಂಥ ವಾಹನ?

ಮೃಗಶಿರೆಯ ಮಳೆ ಹಿಡಿದೊಡನೆ ಉಮರ್ಗಾ, ನಿಲಂಗಾ ಸೀಮೆಯ ಹೊಲದ ದಾರಿಗಳು ದಾರಿಗಳಾಗಿ ಉಳಿಯುವುದಿಲ್ಲ. ಹೆದ್ದಾರಿ ಮುಟ್ಟಿದರೆ ದವಾಖಾನೆ ದೂರವಲ್ಲ. ತೊಡಕಿರುವುದು ತುಂಬು ಬಸುರಿಯನ್ನು ಹೊಲದ ವಸ್ತಿಯಿಂದ ಡಾಂಬರಿಗೆ ತಲುಪಿಸುವ ಎರಡು ಮೈಲಿಯಲ್ಲಿ. ನಾಲ್ಕು ಗಾಲಿಗೂ ಎಳೆತವಿರುವ ವಾಹನವನ್ನು ಕೊಳ್ಳಹೊರಟ ವಾಚಕರು ಇದನ್ನು ಮೊದಲು ನೆನೆಯಬೇಕು.

ದೊಡ್ಡದೇ ಗಟ್ಟಿಯೆಂಬ ನಂಬಿಕೆ ನಮ್ಮವರಲ್ಲಿ ಬಲವಾಗಿದೆ. ಎರೆಮಣ್ಣು ಅದನ್ನು ಒಪ್ಪದು. ನೀರು ಕುಡಿದು ಉಬ್ಬುವ ಆ ಜೇಡಿ ಟಾಯರಿನ ಕಚ್ಚುಗಳಲ್ಲಿ ತುಂಬಿಕೊಂಡು ಅದನ್ನು ನುಣ್ಣನೆಯ ಉರುಳೆಯಾಗಿಸುತ್ತದೆ. ಆಮೇಲೆ ನಾಲ್ಕು ಗಾಲಿಗಳೂ ತಿರುಗುತ್ತವೆ, ಬಂಡಿ ಮಾತ್ರ ಕದಲದು. ಭಾರ ಹೆಚ್ಚಿದಷ್ಟೂ ಹೂಳುವುದೂ ಹೆಚ್ಚು. 2020ರ ಥಾರ್ ಒಂದೂವರೆ ಟನ್ನಿಗೂ ಮಿಗಿಲು. 2023ರಲ್ಲಿ ಬಂದ ಜಿಮ್ನಿ ಸುಮಾರು 1,200 ಕಿಲೋ. ಪುಣೆಯ ಗೂರ್ಖಾ ಥಾರಿಗಿಂತಲೂ ಭಾರ; ಆದರೆ ಅದರ ಮುಂದಣ ಹಿಂದಣ ಎರಡೂ ಡಿಫರೆನ್ಷಿಯಲ್‌ಗಳಿಗೆ ಬೀಗವುಂಟು, ಒಂದು ಗಾಲಿ ಜಾರಿದರೂ ಜೊತೆಯದು ಎಳೆಯುತ್ತದೆ. ಉದಗೀರದ ಕಡೆಯ ಕಲ್ಲುದಾರಿಗೆ ಅದು ಸಲ್ಲುತ್ತದೆ. ಎರೆಗೆ ಮಾತ್ರ ನಾವು ಹಗುರವಾದುದನ್ನೇ ಹೇಳುವೆವು, ಅಗಲ ಕಚ್ಚಿನ ಕೆಸರು ಟಾಯರುಗಳೊಡನೆ. ಜಿಮ್ನಿಯಲ್ಲಿ ನಾಲ್ವರಿಗಷ್ಟೇ ಸ್ಥಳ. ಮದುವೆಗೆ ಹೊರಡುವ ನಮ್ಮ ಮನೆತನಗಳಿಗೆ ಅದು ಸಾಲದೆಂಬುದು ಬೇರೆ ಮಾತು.

ಯಾವುದನ್ನೇ ಕೊಳ್ಳಿರಿ, ಹಿಂಬದಿಯಲ್ಲಿ ಗಟ್ಟಿ ಹಗ್ಗವೊಂದು, ಸನಿಕೆಯೊಂದು ಇರಲಿ. ನೆರೆಯಲ್ಲಿ ಯಾರ ಟ್ರ್ಯಾಕ್ಟರ್ ರಾತ್ರಿಯಲ್ಲೂ ಹೊರಡಬಲ್ಲುದೆಂಬುದನ್ನು ಮಳೆಗಾಲಕ್ಕೆ ಮುನ್ನವೇ ಕೇಳಿಟ್ಟುಕೊಳ್ಳಿರಿ.